ಮಂಡ್ಯ–ಮೈಸೂರು ಕಡೆ ಮೆಲನೋಮ ಅಲ್ಲದ ಚರ್ಮದ ಕ್ಯಾನ್ಸರ್ ಎಷ್ಟಿದೆ? ಎಣಿಸುವುದು ಹೇಗೆ?

ಕೆರೆಏರಿ

ತಾಲ್ಲೂಕು ಮಟ್ಟದಲ್ಲಿ ಅಸಾಂಕ್ರಾಮಿಕ ರೋಗಗಳ ವರದಿ ಬರೆಯುವವರ ಪೆನ್ನು ಪ್ರತಿ ವರ್ಷ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗೆ ಅಂಕಿ ಸಿಗುತ್ತದೆ. ಮೆಲನೋಮ (ಚರ್ಮಕ್ಕೆ ಬಣ್ಣ ಕೊಡುವ ಕೋಶದ ಕ್ಯಾನ್ಸರ್) ಬಿಟ್ಟು ಉಳಿದ ಚರ್ಮದ ಕ್ಯಾನ್ಸರಿಗೆ, ಅಂದರೆ ಮುಖ್ಯವಾಗಿ ಮೇಲ್ಪದರದ ತಳದ ಕೋಶದ ಬೇಸಲ್ ಸೆಲ್, ಅದರ ಮೇಲಿನ ಚಪ್ಪಟೆ ಕೋಶದ ಸ್ಕ್ವೇಮಸ್ ಸೆಲ್ ಕ್ಯಾನ್ಸರಿಗೆ ಬಂದರೆ "ನಮ್ಮ ಕಡೆ ಅಪರೂಪ" ಎಂಬ ಒಂದು ಸಾಲು, ಮುಗಿಯಿತು. ಈ ಅಪರೂಪ ನಿಜವೋ, ಎಣಿಸದೆ ಬಿಟ್ಟಿದ್ದರಿಂದ ಹಾಗೆ ಕಾಣುತ್ತಿದೆಯೋ? ಜಿಲ್ಲೆಗೊಂದು ದರ ಹಾಕಬೇಕೆಂದರೆ ಎಲ್ಲಿಂದ ಶುರು ಮಾಡಬೇಕು? ಮೆಡಿಕಲ್ ಕಾಲೇಜು ಆಸ್ಪತ್ರೆಯ ಶೇಕಡಾವಾರು ತೆಗೆದುಕೊಂಡು ಜಿಲ್ಲೆಗೆ ಅನ್ವಯಿಸಬಹುದೇ? ತಿಳಿದವರು ಬಿಡಿಸಿ ಹೇಳಿ.

ಎಣಿಕೆಮನೆ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಅನ್ವಯಿಸಬಾರದು. ಮೈಸೂರಿನ ಕೆ.ಆರ್. ಆಸ್ಪತ್ರೆಗಾಗಲಿ ಜೆಎಸ್‌ಎಸ್‌ಗಾಗಲಿ ಚಾಮರಾಜನಗರ, ಕೊಡಗು, ಹಾಸನ, ಗಡಿಯಾಚೆಯ ವಯನಾಡಿನಿಂದಲೂ ರೋಗಿಗಳು ಬರುತ್ತಾರೆ. ಅದೇ ಹೊತ್ತಿಗೆ ಮದ್ದೂರು, ಮಳವಳ್ಳಿ ಕಡೆಯವರು ರೈಲೋ ಬಸ್ಸೋ ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಅಂದಮೇಲೆ ಆಸ್ಪತ್ರೆಯ ನೂರು ಕ್ಯಾನ್ಸರಲ್ಲಿ ಚರ್ಮದ್ದು ಎಷ್ಟು ಎಂಬುದು ಆ ಆಸ್ಪತ್ರೆಯ ಕೆಲಸದ ಲೆಕ್ಕವೇ ಹೊರತು ಜಿಲ್ಲೆಯ ಲೆಕ್ಕವಲ್ಲ. ಬೆಂಗಳೂರಿನ ದರ ತಂದು ಇಲ್ಲಿ ಇಡುವುದೂ ಸರಿಯಲ್ಲ. ಕಿದ್ವಾಯಿಯಲ್ಲಿರುವ ಜನಸಂಖ್ಯಾಧಾರಿತ ನೋಂದಣಿ (ಒಂದು ಪ್ರದೇಶದಲ್ಲಿ ವಾಸವಿರುವ ಎಲ್ಲ ಕ್ಯಾನ್ಸರ್ ರೋಗಿಗಳನ್ನು ಎಣಿಸುವ ದಾಖಲೆ) 1980ರ ದಶಕದ ಆರಂಭದಿಂದ ನಡೆಯುತ್ತಿದೆ, ಆದರೆ ಅದು ನೋಡುವುದು ಬೆಂಗಳೂರು ನಗರ ಭಾಗವನ್ನು. ಮಂಡ್ಯ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ನೂರಕ್ಕೆ 83 ಮಂದಿ ಹಳ್ಳಿಯವರು. ಕೆಲಸ ಬೇರೆ, ಬಿಸಿಲು ಬೇರೆ, ಆಸ್ಪತ್ರೆಯ ದೂರವೂ ಬೇರೆ.

ಇನ್ನು ಅಪರೂಪದ ಮಾತು. ಅದು ಅರ್ಧ ನಿಜ. ಆಸ್ಟ್ರೇಲಿಯಾದಲ್ಲಿ 2002ರಲ್ಲಿ ನಡೆದ ಸಮೀಕ್ಷೆಯಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 884 ಮಂದಿಗೆ ಬೇಸಲ್ ಸೆಲ್, 387 ಮಂದಿಗೆ ಸ್ಕ್ವೇಮಸ್ ಸೆಲ್ ಕಾರ್ಸಿನೋಮ (ಕ್ಯಾನ್ಸರ್) ಕಂಡಿತ್ತು. ಭಾರತದಲ್ಲಿ ಪತ್ತೆಯಾಗುವ ಎಲ್ಲ ಕ್ಯಾನ್ಸರ್ ಸೇರಿಸಿದರೂ ಚರ್ಮದ್ದು ನೂರಕ್ಕೆ ಒಂದೆರಡು. ಇಷ್ಟು ದೊಡ್ಡ ಅಂತರ ಬರೀ ಎಣಿಕೆಯ ತಪ್ಪಿನಿಂದ ಬರುವುದಿಲ್ಲ, ಚರ್ಮದ ಬಣ್ಣದ ವಸ್ತುವಾದ ಮೆಲನಿನ್ ಕಾಯುತ್ತದೆ. ಆಫ್ರಿಕಾ ಮೂಲದವರ ಕಪ್ಪು ಚರ್ಮದ ಮೇಲ್ಪದರವನ್ನು ದಾಟಿ ಒಳಗಿಳಿಯುವ ಯುವಿ-ಬಿ (ಬಿಸಿಲಿನ ನೇರಳಾತೀತ) ಕಿರಣ ನೂರಕ್ಕೆ ಸುಮಾರು 7, ಬಿಳಿ ಚರ್ಮದಲ್ಲಿ ಸುಮಾರು 24. ನಮ್ಮ ಬಣ್ಣ ಇವೆರಡರ ನಡುವೆ.

ಉಳಿದರ್ಧ ಎಣಿಕೆಯದು. ಜಗತ್ತಿನ ಹಲವು ನೋಂದಣಿಗಳು ಈ ಗುಂಪನ್ನೇ ಬಿಟ್ಟು "ಎಲ್ಲ ಕ್ಯಾನ್ಸರ್, ಮೆಲನೋಮ ಅಲ್ಲದ ಚರ್ಮದ್ದು ಹೊರತು" ಎಂದು ಪ್ರಕಟಿಸುತ್ತವೆ. ಜಗತ್ತಿನ ಕ್ಯಾನ್ಸರ್ ಅಂದಾಜಿನ ಪಟ್ಟಿಯಾದ ಗ್ಲೋಬೊಕಾನ್ 2020 ಜಗತ್ತಿಗೆ ಸುಮಾರು 12 ಲಕ್ಷ ಹೊಸ ಪ್ರಕರಣ, ಸುಮಾರು 64 ಸಾವಿರ ಸಾವು ಎಂದು ಕೊಡುತ್ತದೆ. ಅದರಲ್ಲಿ ಬೇಸಲ್ ಸೆಲ್ ಸೇರಿಲ್ಲ ಎಂಬ ಅಡಿಟಿಪ್ಪಣಿಯನ್ನು ಓದದೆ ಅಂಕಿ ಎತ್ತಿಕೊಳ್ಳುವವರೇ ಹೆಚ್ಚು. ಗಂಟು ಎಣಿಸಿದಿರೋ ಮನುಷ್ಯರನ್ನು ಎಣಿಸಿದಿರೋ ಎಂಬುದೂ ಮುಖ್ಯ. ಅಮೆರಿಕದಲ್ಲಿ 2012ಕ್ಕೆ ಅಂದಾಜಿಸಿದ ಲೆಕ್ಕದಲ್ಲಿ 33 ಲಕ್ಷ ಜನ, 54 ಲಕ್ಷ ಗಂಟು. ಅಂತರರಾಷ್ಟ್ರೀಯ ನೋಂದಣಿ ನಿಯಮದಲ್ಲಿ ಮೂಗಿನ ಮೇಲೊಂದು, ಕೆನ್ನೆಯ ಮೇಲೊಂದು ಬೇಸಲ್ ಸೆಲ್ ಬಂದರೆ ಒಂದೇ ಲೆಕ್ಕ. ಒಂದು ಬೇಸಲ್, ಇನ್ನೊಂದು ಸ್ಕ್ವೇಮಸ್ ಆದರೆ ಎರಡು. ಯಾವ ನಿಯಮ ಹಿಡಿದಿರಿ ಎಂದು ವರದಿಯ ಮೊದಲ ಪುಟದಲ್ಲೇ ಬರೆಯದಿದ್ದರೆ ನಿಮ್ಮ ಅಂಕಿಯನ್ನು ಯಾರದರ ಜೊತೆಗೂ ಹೋಲಿಸಲಾಗದು.

ಗಾಜುಫಲಕ

ಪೆಥಾಲಜಿ ಕಡೆಯಿಂದ ಸೇರಿಸುತ್ತೇನೆ. ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ (ಐಸಿಡಿ-10) ಚರ್ಮದ ಕೋಡ್ ಸಿ44, ಮೆಲನೋಮಕ್ಕೆ ಸಿ43. ಸಿ44 ಎಂದು ಕಂಡದ್ದನ್ನೆಲ್ಲ ಎಣಿಸಿದರೂ ತಪ್ಪು, ಸಿ44 ಮಾತ್ರ ಹುಡುಕಿದರೂ ತಪ್ಪು.

ನಮ್ಮ ಕಡೆ ಹೆಚ್ಚು ಗೋಜಲಾಗುವುದು ಕೆನ್ನೆ. ಎಲೆಅಡಿಕೆ, ಹೊಗೆಸೊಪ್ಪು ಹಾಕುವವರಲ್ಲಿ ಕೆನ್ನೆಯ ಒಳಪದರದ ಕ್ಯಾನ್ಸರ್ ಚರ್ಮವನ್ನು ಕೊರೆದು ಹೊರಬರುತ್ತದೆ. ಬಯಾಪ್ಸಿ ಚೀಟಿಯಲ್ಲಿ "ಕೆನ್ನೆ ಹುಣ್ಣು" ಎಂದಷ್ಟೇ ಇದ್ದರೆ, ಸ್ಲೈಡಿನಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಕಂಡರೆ, ಗುಮಾಸ್ತರು ಸಿ44.3 ಎಂದು ಬರೆಯುತ್ತಾರೆ, ಅದು ಕೆನ್ನೆಯ ಒಳಪದರದ ಸಿ06.0 ಆಗಬೇಕು. ತುಟಿಯದೂ ಇದೇ ಪಾಡು. ಕೆಂಪು ಭಾಗದಲ್ಲಿ ಹುಟ್ಟಿದ್ದು ಸಿ00, ತುಟಿಯ ಸುತ್ತಲ ಚರ್ಮದ್ದು ಸಿ44.0. ಬಾಯಿ ಕ್ಯಾನ್ಸರ್ ಇಷ್ಟು ಹೆಚ್ಚಿರುವ ಕಡೆ ಅದರಲ್ಲಿ ನೂರಕ್ಕೆ ಎರಡು ಮೂರು ತಪ್ಪಿ ಈಚೆ ಬಂದರೂ ಚರ್ಮದ ಲೆಕ್ಕ ಎತ್ತರಕ್ಕೆ ಹೋಗುತ್ತದೆ. ಶಿಶ್ನದ್ದು ಸಿ60, ಯೋನಿದ್ವಾರದ್ದು ಸಿ51, ವೃಷಣಚೀಲದ ಚರ್ಮದ್ದು ಸಿ63.2, ಇವು ಚರ್ಮದಲ್ಲೇ ಹುಟ್ಟಿದರೂ ಸಿ44ಕ್ಕೆ ಬರುವುದಿಲ್ಲ. ಸ್ತನ ಕ್ಯಾನ್ಸರ್ ಹರಡಿ ಎದೆಯ ಚರ್ಮದಲ್ಲಿ ಗಂಟು ಕಟ್ಟಿದ್ದು ಇಲ್ಲಿ ಸೇರದು. ಬೋವೆನ್ ಕಾಯಿಲೆ ಇನ್ನೂ ಮೇಲ್ಪದರ ದಾಟಿಲ್ಲದ್ದು, ವರ್ತನೆ ಕೋಡ್ 2 (ಹುಟ್ಟಿದ ಪದರದಲ್ಲೇ ಉಳಿದದ್ದು). ಹೊಸ ಪ್ರಕರಣದ ದರದಲ್ಲಿ ಅದನ್ನು ಬೆರೆಸಬಾರದು.

ರಿಜಿಸ್ಟರ್ ನೋಡುವಾಗ ಚರ್ಮ ವಿಭಾಗದ ಸ್ಯಾಂಪಲ್ಲಿಗೆ ನಿಲ್ಲಬೇಡಿ. ಸರ್ಜರಿ, ಪ್ಲಾಸ್ಟಿಕ್ ಸರ್ಜರಿ, ಇಎನ್‌ಟಿ, ಕಣ್ಣು, ಮೂಳೆ ವಿಭಾಗಗಳಿಂದ ಬಂದವನ್ನೂ ತೆಗೆಯಿರಿ. ಕಾಲಿನ ದೊಡ್ಡ ಕ್ಯಾನ್ಸರ್ ಹುಣ್ಣು ಕಾಲು ಕತ್ತರಿಸಿದ ಸ್ಯಾಂಪಲ್ಲಾಗಿ ಬಂದಿರುತ್ತದೆ, ಚರ್ಮ ವಿಭಾಗದ ಹೆಸರೇ ಅದರ ಮೇಲಿರುವುದಿಲ್ಲ.

ಹೋಬಳಿಆಸ್ಪತ್ರೆ

ಎಣಿಕೆ ಎಷ್ಟೇ ಸರಿಮಾಡಿದರೂ ರಿಜಿಸ್ಟರಿಗೇ ಬಾರದವರ ಗತಿ ಏನು ಸರ್? ಮುಖದ ಮೇಲಿನ ಕಪ್ಪು ಗಂಟನ್ನು ನರುಲಿ ಎಂದುಕೊಂಡು ಕಾಟರಿಯಲ್ಲಿ ಸುಟ್ಟರೆ ಅಲ್ಲಿಗೆ ಚೂರೂ ಉಳಿಯುವುದಿಲ್ಲ, ರಿಪೋರ್ಟೂ ಇಲ್ಲ. ಕಾಲಿನ ಹಳೆಯ ಹುಣ್ಣಿಗೆ ತಿಂಗಳುಗಟ್ಟಲೆ ಡ್ರೆಸಿಂಗ್ ನಡೆಯುತ್ತದೆ, ಬಯಾಪ್ಸಿ ನಡೆಯುವುದಿಲ್ಲ. ವಯಸ್ಸಾದವರು ಮನೆಯಲ್ಲೇ ತೀರಿಕೊಂಡರೆ ಸಾವಿನ ಕಾರಣ ಬರೆಯುವ ನಮೂನೆ 4ಎ ಯಲ್ಲಿ ಕಾರಣ "ಗ್ಯಾಂಗ್ರಿನ್" ಅಥವಾ "ವೃದ್ಧಾಪ್ಯ". ಇದಕ್ಕೆ ನಾವು ಕೆಳಗಿನ ಹಂತದಲ್ಲಿ ಏನು ಮಾಡಬೇಕು? ಜನಸಂಖ್ಯಾಧಾರಿತ ತಪಾಸಣೆಯಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು ಇದೆ, ಚರ್ಮ ಇಲ್ಲ. ಬಿಸಿಲಿಗೆ ಹೋಗಬೇಡಿ, ಸನ್‌ಸ್ಕ್ರೀನ್ ಹಚ್ಚಿ ಎಂದು ಗದ್ದೆ ನಾಟಿ ಮಾಡುವವರಿಗೆ ಹೇಳಿ ಏನು ಬಂತು?

ಹೊಲಿಗೆದಾರ

ಡಾಕ್ಟ್ರೇ, ಬಿಸಿಲನ್ನೇ ಮುಂದಿಟ್ಟುಕೊಂಡರೆ ಇಲ್ಲಿ ಮುಖ್ಯವಾದದ್ದು ಕೈಬಿಟ್ಟುಹೋಗುತ್ತದೆ. ಕಪ್ಪು ಮೈಬಣ್ಣದ ಜನರಲ್ಲಿ ಸ್ಕ್ವೇಮಸ್ ಸೆಲ್ ಕ್ಯಾನ್ಸರ್ ದೊಡ್ಡ ಪಾಲಿಗೆ ಬಿಸಿಲು ಬೀಳದ ಜಾಗದಲ್ಲಿ ಹುಟ್ಟುತ್ತದೆ: ಸುಟ್ಟಗಾಯದ ಕಲೆ, ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣು, ಕೀವು ಸೋರುವ ಮೂಳೆಯ ಬಾಯಿ, ಕುಷ್ಠರೋಗದಿಂದ ಸ್ಪರ್ಶ ಹೋದ ಅಂಗಾಲಿನ ಹುಣ್ಣು. ಹಳೆ ಕಲೆಯಲ್ಲಿ ಹುಟ್ಟುವುದಕ್ಕೆ ಮಾರ್ಜೋಲಿನ್ ಹುಣ್ಣು ಎನ್ನುತ್ತಾರೆ. ಸುಟ್ಟ ದಿನದಿಂದ ಕ್ಯಾನ್ಸರ್ ಆಗುವವರೆಗೆ ಸರಾಸರಿ 30 ವರ್ಷದಷ್ಟು ಅಂತರ. ಸುಟ್ಟಗಾಯದ ಕಲೆಗಳಲ್ಲಿ ನೂರಕ್ಕೆ ಒಂದೆರಡು ಈ ಹಾದಿ ಹಿಡಿಯುತ್ತವೆ ಎಂಬುದು ಪಠ್ಯಪುಸ್ತಕಗಳ ಅಂದಾಜು. ಮಂಡ್ಯದಲ್ಲಿ ಆಲೆಮನೆಯ ಕೊಪ್ಪರಿಗೆ, ಸೌದೆ ಒಲೆ, ಸೀಮೆಎಣ್ಣೆ ಬುಡ್ಡಿ ಇವುಗಳಿಂದ ಚಿಕ್ಕಂದಿನಲ್ಲಿ ಸುಟ್ಟುಕೊಂಡು, ಚರ್ಮ ಕಸಿ ಇಲ್ಲದೆ ತಾನಾಗಿ ಸೆಳೆದುಕೊಂಡು ಮಾಗಿದ ಕಲೆ ಇರುವವರನ್ನು ಮೊದಲು ನೋಡಬೇಕು. ಮಂಡಿಯ ಹಿಂಬದಿ, ಮೊಣಕೈ ಮಡಿಕೆಯಲ್ಲಿ ಬಿಗಿದ ಕಲೆ ನಡೆದಾಗಲೆಲ್ಲ ಬಿರಿಯುತ್ತದೆ, ಮಾಯುತ್ತದೆ, ಮತ್ತೆ ಬಿರಿಯುತ್ತದೆ. ಮಾರಕ ಕೋಶ ಹುಟ್ಟುವುದು ಅಲ್ಲೇ.

ಇದು ಹಗುರದ ಕ್ಯಾನ್ಸರಲ್ಲ. ಬೇಸಲ್ ಸೆಲ್ ದೂರಕ್ಕೆ ಹರಡುವುದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಬಿಸಿಲಿನಿಂದ ಬಂದ ಸ್ಕ್ವೇಮಸ್ ಸೆಲ್ ಹರಡುವುದು ನೂರಕ್ಕೆ 2ರಿಂದ 5. ಕಲೆಯಲ್ಲಿ ಹುಟ್ಟಿದ್ದು ಇದರ ಹಲವು ಪಟ್ಟು, ತೊಡೆಸಂದಿನ ಗ್ರಂಥಿಗೆ ಮೊದಲು ಹೋಗುತ್ತದೆ. ಹಾಗಾಗಿ ಒಟ್ಟು ಸಂಖ್ಯೆ ಸಣ್ಣದಿದ್ದರೂ ನಮ್ಮಲ್ಲಿ ಅದರ ಭಾರ ಸಣ್ಣದಲ್ಲ. ಭಾರತದ ಹೆಚ್ಚಿನ ಆಸ್ಪತ್ರೆ ಸರಣಿಗಳಲ್ಲಿ ಸ್ಕ್ವೇಮಸ್ ಮುಂದೆ, ಬೇಸಲ್ ಹಿಂದೆ. ಬಿಳಿ ಜನರ ದೇಶಗಳಲ್ಲಿ ತಿರುಗುಮುರುಗು.

ಕೆಳಗಿನ ಹಂತದಲ್ಲಿ ಹಿಡಿಯಬೇಕಾದ ಗುರುತು: ವರ್ಷಗಳಿಂದ ಸುಮ್ಮನಿದ್ದ ಕಲೆ ಈಗ ಹುಣ್ಣಾಗಿದೆ, ಮೂರು ತಿಂಗಳ ಸರಿಯಾದ ಡ್ರೆಸಿಂಗಿಗೂ ಮಾಯುತ್ತಿಲ್ಲ, ಅಂಚು ಹೊರಕ್ಕೆ ಮಗುಚಿ ದಪ್ಪಗಾಗಿದೆ, ಮುಟ್ಟಿದರೆ ರಕ್ತ, ಹೂಕೋಸಿನ ಹಾಗೆ ಮೇಲೆದ್ದ ಮಾಂಸ, ವಾಸನೆ ಬದಲಾಗಿದೆ, ಇಲ್ಲದ ನೋವು ಹೊಸದಾಗಿ ಬಂದಿದೆ. ಇವುಗಳಲ್ಲಿ ಒಂದಿದ್ದರೂ ಬಯಾಪ್ಸಿ. ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ತುಂಬುವ ಸಿಬ್ಯಾಕ್ (ರೋಗದ ಅಪಾಯ ಗುರುತಿಸುವ) ನಮೂನೆಯಲ್ಲಿ ಅಂಗೈ, ಅಂಗಾಲಿನ ಮರುಕಳಿಸುವ ಹುಣ್ಣಿನ ಪ್ರಶ್ನೆ ಕುಷ್ಠರೋಗಕ್ಕೆಂದು ಈಗಾಗಲೇ ಇದೆ. ಅದಕ್ಕೆ ಹೌದು ಎಂದವರನ್ನೂ, ಹಳೆಯ ಸುಟ್ಟಕಲೆ ಇರುವವರನ್ನೂ ಒಂದು ಪಟ್ಟಿ ಮಾಡಿಕೊಂಡರೆ ಬೇರೆ ಸಮೀಕ್ಷೆಯೇ ಬೇಡ.

ಬಯಾಪ್ಸಿಯಲ್ಲಿ ಆಗುವ ಮುಖ್ಯ ತಪ್ಪು ಹುಣ್ಣಿನ ನಡುವಿನಿಂದ ತೆಗೆಯುವುದು. ನಡುವೆ ಇರುವುದು ಕೊಳೆತ ಅಂಗಾಂಶ ಮತ್ತು ಕೀವು. ರಿಪೋರ್ಟ್ "ಉರಿಯೂತ ಮಾತ್ರ" ಎಂದು ಬರುತ್ತದೆ, ರೋಗಿ ಮತ್ತೆ ಡ್ರೆಸಿಂಗಿಗೆ ಮರಳುತ್ತಾರೆ. ದಪ್ಪಗೆ ಎದ್ದ ಅಂಚನ್ನು ಪಕ್ಕದ ಚರ್ಮ ಸ್ವಲ್ಪ ಸೇರುವಂತೆ, ಕೊಬ್ಬಿನ ಪದರ ಕಾಣುವಷ್ಟು ಆಳಕ್ಕೆ ತೆಗೆಯಬೇಕು. ದೊಡ್ಡ ಹುಣ್ಣಾದರೆ ಎರಡು ಮೂರು ಕಡೆಯಿಂದ, ಪ್ರತಿಯೊಂದೂ ಬೇರೆ ಡಬ್ಬಿಯಲ್ಲಿ. ಮುಖದ ಸಣ್ಣ ಗಂಟಿಗೆ 3 ಅಥವಾ 4 ಮಿ.ಮೀ. ಪಂಚ್ (ದುಂಡಗೆ ಚೂರು ಕೊರೆದು ತೆಗೆಯುವ ಉಪಕರಣ) ಸಾಕು, ಕಾಲಿನ ಹುಣ್ಣಿಗೆ ಬ್ಲೇಡಿನಲ್ಲಿ ಬೆಣೆಯಾಕಾರದ ತುಂಡು ತೆಗೆಯುವುದೇ ಮೇಲು. ಚಿಮ್ಮಟದಲ್ಲಿ ಹಿಸುಕಬೇಡಿ, ಸೂಜಿಯಿಂದ ಎತ್ತಿ; ಹಿಸುಕಿದ ಕೋಶಗಳು ಸ್ಲೈಡಿನಲ್ಲಿ ಓದಲು ಬಾರದ ನೀಲಿ ಗೀರುಗಳಾಗುತ್ತವೆ.

ಗಾಜುಫಲಕ

ಅಂಚಿನಿಂದ ತೆಗೆದರೂ ಒಂದು ತೊಡಕಿದೆ, ಗಮನದಲ್ಲಿರಲಿ. ಹಳೆ ಹುಣ್ಣಿನ ಅಂಚಿನ ಚರ್ಮ ಕ್ಯಾನ್ಸರ್ ಇಲ್ಲದೆಯೂ ಬೇರು ಬಿಟ್ಟ ಹಾಗೆ ಕೆಳಗೆ ಬೆಳೆಯುತ್ತದೆ, ಅದನ್ನು ಸೂಡೋಎಪಿಥೀಲಿಯೋಮಟಸ್ ಹೈಪರ್‌ಪ್ಲೇಸಿಯ ಎನ್ನುತ್ತೇವೆ. ತೆಳುವಾದ ಚೂರಿನಲ್ಲಿ ಇದಕ್ಕೂ ಚೆನ್ನಾಗಿ ಬಲಿತ ಸ್ಕ್ವೇಮಸ್ ಕ್ಯಾನ್ಸರಿಗೂ ವ್ಯತ್ಯಾಸ ಹೇಳಲಾಗುವುದಿಲ್ಲ. ಆದ್ದರಿಂದ "ಕ್ಯಾನ್ಸರ್ ಕಂಡಿಲ್ಲ" ಎಂದು ರಿಪೋರ್ಟ್ ಬಂದು ಹುಣ್ಣು ಬೆಳೆಯುತ್ತಲೇ ಇದ್ದರೆ ಎರಡನೇ ಬಯಾಪ್ಸಿ ಇನ್ನೂ ಆಳದಿಂದ ಆಗಬೇಕು. ಚೀಟಿಯಲ್ಲಿ ಹುಣ್ಣು ಎಷ್ಟು ವರ್ಷದ್ದು, ಅದಕ್ಕೆ ಮೊದಲು ಅಲ್ಲಿ ಏನಿತ್ತು, ಅಳತೆ ಎಷ್ಟು, ಯಾವ ಕಾಲು, ರೋಗಿಯ ಊರು ತಾಲ್ಲೂಕು ಇಷ್ಟು ಬರೆದರೆ ರೋಗನಿರ್ಣಯಕ್ಕೂ ಎಣಿಕೆಗೂ ಎರಡಕ್ಕೂ ಆಯಿತು.

ಹೊಂಗೆನೆರಳು

ನಡುವೆ ಎರಡು ಪ್ರಶ್ನೆ. ಸೊಂಟದಲ್ಲಿ ಸೀರೆ, ಪಂಚೆ ಕಟ್ಟುವ ಜಾಗದಲ್ಲಿ ಕ್ಯಾನ್ಸರ್ ಬರುತ್ತದೆ ಎನ್ನುತ್ತಾರಲ್ಲ, ನಿಜವೇ? ತೊನ್ನು ಇರುವವರಿಗೆ ಬಣ್ಣ ಇಲ್ಲದ್ದರಿಂದ ಅಪಾಯ ಹೆಚ್ಚಲ್ಲವೇ?

ಚರ್ಮಮರ್ಮ

ಸೊಂಟದ್ದು ನಿಜ, ಆದರೆ ತೀರಾ ವಿರಳ. ದಶಕಗಳ ಕಾಲ ಒಂದೇ ಗೆರೆಯಲ್ಲಿ ಬಿಗಿದು ಕಟ್ಟಿ, ಬೆವರು ಉಜ್ಜಿ, ಚರ್ಮ ಮೊದಲು ಕಪ್ಪಾಗಿ, ದಪ್ಪಗಾಗಿ, ಬಣ್ಣ ಹೋಗಿ, ಹುಣ್ಣಾಗಿ ಕೊನೆಗೆ ಸ್ಕ್ವೇಮಸ್ ಸೆಲ್ ಆಗುತ್ತದೆ. ಕಾಶ್ಮೀರದ ಕಾಂಗ್ಡಿ ಕ್ಯಾನ್ಸರ್ ಕೂಡ ಇದೇ ಜಾತಿ, ಅಲ್ಲಿ ಕಾರಣ ಹೊಟ್ಟೆಗೆ ಹಿಡಿದುಕೊಳ್ಳುವ ಕೆಂಡದ ಬುಟ್ಟಿಯ ಕಾವು. ಸೊಂಟದ ಗೆರೆ ಕಪ್ಪಾಗಿದ್ದರೆ ಹೆದರಬೇಕಿಲ್ಲ. ಲಂಗದ ಲಾಡಿಗೆ ಬದಲು ಅಗಲ ಪಟ್ಟಿ, ಕಟ್ಟುವ ಎತ್ತರ ದಿನ ಬಿಟ್ಟು ದಿನ ಬದಲಿಸುವುದು ಸಾಕು. ಹುಣ್ಣಾಗಿ ಮಾಯದಿದ್ದರೆ ಮಾತ್ರ ಬಯಾಪ್ಸಿ.

ತೊನ್ನಿನ ಬಗ್ಗೆ ನಿಮ್ಮ ಊಹೆ ತರ್ಕಕ್ಕೆ ಸರಿ, ವಾಸ್ತವಕ್ಕಲ್ಲ. ಯುರೋಪಿನ ದೊಡ್ಡ ಅಧ್ಯಯನಗಳಲ್ಲಿ ತೊನ್ನು ಇದ್ದವರಿಗೆ ಚರ್ಮದ ಕ್ಯಾನ್ಸರ್ ಕಡಿಮೆ ಕಂಡಿದೆ. ಈಗಾಗಲೇ ಸಾಕಷ್ಟು ಅವಮಾನ ಹೊತ್ತವರ ಮೇಲೆ ಈ ಭಯವನ್ನೂ ಹೊರಿಸಬೇಡಿ. ನಿಜವಾದ ಅಪಾಯ ಇರುವುದು ಆಲ್ಬಿನಿಸಂ ಇರುವವರಿಗೆ, ಅಂದರೆ ಹುಟ್ಟಿನಿಂದ ಮೈ, ಕೂದಲು, ಕಣ್ಣು ಮೂರರಲ್ಲೂ ಬಣ್ಣ ಇಲ್ಲದವರಿಗೆ. ತುಂಬು ತೋಳು, ಅಗಲ ಅಂಚಿನ ಟೋಪಿ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್, ಆರು ತಿಂಗಳಿಗೊಮ್ಮೆ ಮೈಪೂರ್ತಿ ತಪಾಸಣೆ ಇವರಿಗೆ ಬೇಕೇ ಬೇಕು. ಮೂತ್ರಪಿಂಡ ಕಸಿಯಾಗಿ ರೋಗನಿರೋಧಕ ತಗ್ಗಿಸುವ ಮಾತ್ರೆ ನುಂಗುವವರೂ ಈ ಪಟ್ಟಿಯಲ್ಲಿ. ಆರ್ಸೆನಿಕ್ ನೀರಿನ ಕಾರಣವನ್ನೂ ಕೆಲವರು ಎತ್ತುತ್ತಾರೆ. ಕರ್ನಾಟಕದಲ್ಲಿ ಅದು ದಾಖಲಾದದ್ದು ರಾಯಚೂರು, ಯಾದಗಿರಿಯ ಚಿನ್ನದ ಅದಿರಿನ ಪಟ್ಟಿಯಲ್ಲಿ.

ಬೇಸಲ್ ಸೆಲ್ ನಮ್ಮಲ್ಲಿ ತಪ್ಪಿಹೋಗಲು ಅದರ ಬಣ್ಣವೇ ಕಾರಣ. ಬಿಳಿ ಚರ್ಮದ ಪಠ್ಯಪುಸ್ತಕದ ಚಿತ್ರದಲ್ಲಿ ಅದು ಮುತ್ತಿನ ಹೊಳಪಿನ ಗುಲಾಬಿ ಗಂಟು, ಮೇಲೆ ಕೆಂಪು ನರ. ನಮ್ಮಲ್ಲಿ ಕಪ್ಪು, ಮಚ್ಚೆಯೆಂದೇ ಎಲ್ಲರೂ ಬಿಡುತ್ತಾರೆ. ಮೂಗಿನ ಪಕ್ಕ, ಕಣ್ಣಿನ ಒಳಮೂಲೆ, ಮೇಲ್ದುಟಿಯ ಮೇಲೆ 50 ದಾಟಿದ ಮೇಲೆ ಹೊಸದಾಗಿ ಕಂಡ ಕಪ್ಪು ಗಂಟಿಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಅಂಚು ದಾರ ಸುತ್ತಿದ ಹಾಗೆ ಸಣ್ಣಗೆ ಎದ್ದಿದ್ದು, ನಡುವೆ ತಗ್ಗಿ ಹಕ್ಕಳೆ ಕಟ್ಟಿದ್ದು, ತೊಳೆದಾಗ ಹಕ್ಕಳೆ ಕಿತ್ತು ರಕ್ತ ಜಿನುಗಿ ಮತ್ತೆ ಹಕ್ಕಳೆ ಕಟ್ಟುತ್ತಿದ್ದರೆ ಅದು ಮಚ್ಚೆಯಲ್ಲ. ಡರ್ಮೊಸ್ಕೋಪ್ (ಚರ್ಮ ದೊಡ್ಡದಾಗಿ ತೋರಿಸುವ ಬೆಳಕಿನ ಮಸೂರ) ಇದ್ದರೆ ನೀಲಿ-ಬೂದು ಮೊಟ್ಟೆಯಾಕಾರದ ಗುಂಪು, ಎಲೆಯಾಕಾರದ ಕಂದು ಅಂಚು, ಗಾಡಿಚಕ್ರದ ಕಡ್ಡಿಗಳಂತಹ ಗೆರೆ ನೋಡಿ. ನಾಲ್ಕು ಮಿ.ಮೀ. ಒಳ್ಳೆಯ ಚರ್ಮ ಸೇರಿಸಿ ತೆಗೆದರೆ ಸಣ್ಣ ಗಂಟು ಬಹುಪಾಲು ಮುಗಿದ ಹಾಗೆ. ಸುಟ್ಟು ಬಿಟ್ಟರೆ ಬೇರು ಕೆಳಗೆ ಉಳಿದು, ಎರಡು ಮೂರು ವರ್ಷದಲ್ಲಿ ಕಣ್ಣಿನ ಗುಳಿಯತ್ತ ಕೊರೆಯುತ್ತದೆ.

ರೆಪ್ಪೆಯ ಮಾತು ಬೇರೆ. ಭಾರತದಲ್ಲಿ ಅಲ್ಲಿ ಸೆಬೇಶಿಯಸ್ (ಎಣ್ಣೆ ಒಸರುವ) ಗ್ರಂಥಿಯ ಕ್ಯಾನ್ಸರಿನ ಪಾಲು ಬಿಳಿಯರಿಗಿಂತ ಬಹಳ ಹೆಚ್ಚು. ರೆಪ್ಪೆಯ ಗಂಟನ್ನು ಒಮ್ಮೆ ಕೆರೆದು ತೆಗೆದ ಮೇಲೂ ಅದೇ ಜಾಗದಲ್ಲಿ ಮರಳಿ ಬಂದರೆ, ರೆಪ್ಪೆಗೂದಲು ಉದುರುತ್ತಿದ್ದರೆ, ಕೆರೆದದ್ದನ್ನು ಎಸೆಯದೆ ಪೆಥಾಲಜಿಗೆ ಕಳಿಸಿ. ಇದೂ ರೆಪ್ಪೆಯ ಚರ್ಮದ ಕೋಡ್ ಸಿ44.1 ಅಡಿಯಲ್ಲೇ ಬರುತ್ತದೆ.

ಕೆರೆಏರಿ

ಈಗ ಲೆಕ್ಕಕ್ಕೆ ಬರೋಣ. ಎಲ್ಲ ಲ್ಯಾಬುಗಳ ಪಟ್ಟಿ ಸಿಕ್ಕಿತು ಅಂದುಕೊಳ್ಳಿ. ಮುಂದೆ?

ಎಣಿಕೆಮನೆ

ಮೊದಲು ವಾಸ. ರಾಷ್ಟ್ರೀಯ ನೋಂದಣಿ ಕಾರ್ಯಕ್ರಮದ ನಿಯಮದಂತೆ ರೋಗ ಪತ್ತೆಯಾಗುವ ಹೊತ್ತಿಗೆ ಆ ಪ್ರದೇಶದಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದವರು ಮಾತ್ರ. ಮೈಸೂರಿನಲ್ಲಿ ಮಗನ ಮನೆಯ ವಿಳಾಸ ಕೊಟ್ಟು ದಾಖಲಾದ ನಾಗಮಂಗಲದವರು ಮಂಡ್ಯ ಜಿಲ್ಲೆಗೇ ಸೇರಬೇಕು.

ಆಮೇಲೆ ಒಬ್ಬರೇ ಎರಡು ಸಲ ಬಂದದ್ದನ್ನು ತೆಗೆಯುವುದು. ಹೆಸರೊಂದನ್ನೇ ನಂಬಿದರೆ ಕೆಟ್ಟಿತು. ನಿಂಗೇಗೌಡ ಒಂದು ಕಡೆ, ಲಿಂಗೇಗೌಡ ಇನ್ನೊಂದು ಕಡೆ. ಚಿಕ್ಕತಾಯಮ್ಮ ಇನ್ನೊಂದು ಲ್ಯಾಬಿನಲ್ಲಿ ಬರೀ ತಾಯಮ್ಮ. ಹೊಸಹಳ್ಳಿ, ಹೊಸೂರು ಪ್ರತಿ ತಾಲ್ಲೂಕಿನಲ್ಲೂ ಇವೆ. ತಂದೆ ಅಥವಾ ಗಂಡನ ಹೆಸರು, ಊರು ಮತ್ತು ಹೋಬಳಿ, ಲಿಂಗ, ವಯಸ್ಸು ಐದು ವರ್ಷ ಆಚೀಚೆ, ಮೈಯ ಜಾಗ ಎಡವೋ ಬಲವೋ, ಇವುಗಳಲ್ಲಿ ನಾಲ್ಕು ಹೊಂದಿದರೆ ಒಬ್ಬರೇ ಎಂದು ಹಿಡಿದು ಕೇಸ್ ಶೀಟ್ ತೆಗೆಸಿ ಖಚಿತಪಡಿಸಿಕೊಳ್ಳಿ. ವಯಸ್ಸು 60, 65, 70ರಲ್ಲಿ ಗುಂಪಾಗಿರುತ್ತದೆ, ಅಂದಾಜಿನಲ್ಲಿ ಹೇಳಿದ್ದು. ಐದು ವರ್ಷದ ಗುಂಪಿಗೆ ಹಂಚುವಾಗ ಇದು ದರವನ್ನು ಕೆಡಿಸುತ್ತದೆ, ಗುರುತಿನ ಚೀಟಿಯ ವಯಸ್ಸಿದ್ದರೆ ಅದನ್ನೇ ಹಾಕಿ.

ಛೇದಕ್ಕೆ 2011ರ ಜನಗಣತಿ: ಮಂಡ್ಯ 18,05,769, ಮೈಸೂರು ಜಿಲ್ಲೆ 30,01,127. ನಂತರದ ವರ್ಷಗಳಿಗೆ ವಯಸ್ಸುವಾರು ಅಂದಾಜು ಬೇಕು, ಒಟ್ಟು ಜನಸಂಖ್ಯೆ ಸಾಲದು. ವಯೋಹೊಂದಿಸಿದ ದರಕ್ಕೆ, ಅಂದರೆ ಜಾಗಜಾಗದ ವಯಸ್ಸಿನ ವ್ಯತ್ಯಾಸ ಕಳೆದು ಹೋಲಿಸುವ ದರಕ್ಕೆ, ಸೇಗಿಯ ಜಾಗತಿಕ ಪ್ರಮಾಣ ಜನಸಂಖ್ಯೆ (ಲಕ್ಷ ಜನರನ್ನು ವಯಸ್ಸುವಾರು ಹಂಚಿದ ಮಾದರಿ ಪಟ್ಟಿ) ಬಳಸಿ. ಅದರ ಲಕ್ಷದಲ್ಲಿ 60 ದಾಟಿದವರಿಗೆ ಇರುವ ತೂಕ 11,000. ಬೇರೆ ಪ್ರಮಾಣ ಜನಸಂಖ್ಯೆ ಬಳಸಿದ ಯುರೋಪಿನ ದರದ ಪಕ್ಕ ಇದನ್ನು ಇಟ್ಟರೆ ವಯಸ್ಸಿನ ಕಾಯಿಲೆಗಳಲ್ಲಿ ಅಂತರ ತಪ್ಪಾಗಿ ದೊಡ್ಡದು ಕಾಣುತ್ತದೆ.

ಒಂದು ವರ್ಷದ ಅಂಕಿಯ ಮೇಲೆ ಏನನ್ನೂ ಹೇಳಲು ಹೋಗಬೇಡಿ. ಲೆಕ್ಕಕ್ಕೆಂದು ದರ ಲಕ್ಷಕ್ಕೆ 1 ಎಂದು ಇಟ್ಟುಕೊಳ್ಳಿ. ಮಂಡ್ಯದಲ್ಲಿ ವರ್ಷಕ್ಕೆ 18. ಹದಿನೆಂಟರ ಶೇ. 95 ವಿಶ್ವಾಸದ ಮಿತಿ (ಆಕಸ್ಮಿಕ ಏರಿಳಿತ ಹಿಡಿದರೆ ನಿಜ ಸಂಖ್ಯೆ ಇರಬಹುದಾದ ವ್ಯಾಪ್ತಿ) ಸುಮಾರು 11ರಿಂದ 28. ಒಂದು ವರ್ಷ 12 ಬಂದು ಮರುವರ್ಷ 25 ಬಂದರೆ ಕಾಯಿಲೆ ಇಮ್ಮಡಿಸಿತು ಎಂದು ಪತ್ರಿಕೆಗೆ ಹೇಳುವಂತಿಲ್ಲ. ಐದು ವರ್ಷ ಕೂಡಿಸಿ 90 ಆದಾಗ ಮಿತಿ 72ರಿಂದ 111, ಅಂದರೆ ಲಕ್ಷಕ್ಕೆ 0.8ರಿಂದ 1.2. ಆಗ ಮಾತಾಡಬಹುದು.

ತಪ್ಪಿಹೋದವರ ಅಂದಾಜಿಗೆ ಎರಡು ಪಟ್ಟಿ ಹೋಲಿಸಿ: ಒಂದು ಪೆಥಾಲಜಿ, ಇನ್ನೊಂದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಶಸ್ತ್ರಚಿಕಿತ್ಸೆ ಮತ್ತು ರೇಡಿಯೇಷನ್ ದಾಖಲೆ. ಮೊದಲನೆಯದರಲ್ಲಿ 40, ಎರಡನೆಯದರಲ್ಲಿ 30, ಎರಡರಲ್ಲೂ ಇರುವವರು 20 ಎಂದರೆ ಕಣ್ಣಿಗೆ ಕಂಡವರು 50. 41ನ್ನು 31ರಿಂದ ಗುಣಿಸಿ, 21ರಿಂದ ಭಾಗಿಸಿ, 1 ಕಳೆಯಿರಿ. 60ರ ಹತ್ತಿರ ಬರುತ್ತದೆ. ಹತ್ತು ಮಂದಿ ಎರಡೂ ಪಟ್ಟಿಗೆ ಬಂದಿಲ್ಲ ಎಂದರ್ಥ. ಆದರೆ ಬಯಾಪ್ಸಿ ಆದವರೇ ಸಾಮಾನ್ಯವಾಗಿ ಚಿಕಿತ್ಸೆಗೂ ಹೋಗುವುದರಿಂದ ಈ ಎರಡು ಪಟ್ಟಿಗಳು ಸ್ವತಂತ್ರವಲ್ಲ. ಹಾಗಿದ್ದಾಗ ಸೂತ್ರ ಕೊಡುವುದು ಕನಿಷ್ಠ ಅಂದಾಜು, ನಿಜ ಅದಕ್ಕಿಂತ ಮೇಲೆ.

ವರದಿಯಲ್ಲಿ "ಅಪರೂಪ" ಎಂಬ ಸಾಲನ್ನು ತೆಗೆದುಹಾಕಿ. ಬೇಸಲ್ ಎಷ್ಟು, ಸ್ಕ್ವೇಮಸ್ ಎಷ್ಟು, ಸ್ಕ್ವೇಮಸ್‌ನಲ್ಲಿ ಮುಖ ಕುತ್ತಿಗೆಯದು ಎಷ್ಟು, ಕಾಲಿನದು ಎಷ್ಟು, ಹಳೆ ಕಲೆ ಅಥವಾ ಹುಣ್ಣಿನ ಮೇಲೆ ಹುಟ್ಟಿದ್ದು ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಕೊನೆಯದಕ್ಕೆ ನೋಂದಣಿಯಲ್ಲಿ ಕೋಡ್ ಇಲ್ಲ, ನೀವೇ ಒಂದು ಕಾಲಂ ಹಾಕಬೇಕು. ತಾಲ್ಲೂಕಿನ ದುಡ್ಡನ್ನು ಸನ್‌ಸ್ಕ್ರೀನ್ ಕರಪತ್ರಕ್ಕೆ ಹಾಕಬೇಕೋ ಡ್ರೆಸಿಂಗ್ ಕೋಣೆಯ ಬಯಾಪ್ಸಿ ಸಾಮಾನಿಗೆ ಹಾಕಬೇಕೋ ಎಂದು ತಿಳಿಸುವುದು ಆ ಕಾಲಂ.

ಹೋಬಳಿಆಸ್ಪತ್ರೆ

ಸಾಮಾನಿನ ಮಾತು ಬಂತಲ್ಲ. ಬ್ಲೇಡು, ಲಿಗ್ನೊಕೇನ್, ಹೊಲಿಗೆ ದಾರ ನಮ್ಮಲ್ಲಿ ಇವೆ. ಫಾರ್ಮಲಿನ್ ಇಡುವುದು ಹೇಗೆ? ಸ್ಯಾಂಪಲ್ ಮಂಡ್ಯಕ್ಕೆ ಹೋಗಲು ಎರಡು ಮೂರು ದಿನ ಹಿಡಿದರೆ ಕೆಡುವುದಿಲ್ಲವೇ?

ಗಾಜುಫಲಕ

ಕೆಡುವುದಿಲ್ಲ, ದ್ರಾವಣ ಸರಿಯಿದ್ದರೆ ಒಂದು ವಾರ ಇದ್ದರೂ ಸಾಮಾನ್ಯ ಬಣ್ಣ ಹಚ್ಚಿ ನೋಡಲು ತೊಂದರೆಯಿಲ್ಲ. ಅಂಗಡಿಯಲ್ಲಿ ಸಿಗುವ ಫಾರ್ಮಲಿನ್‌ನಲ್ಲಿ ಫಾರ್ಮಾಲ್ಡಿಹೈಡ್ ಶೇ. 37ರಿಂದ 40 ಇರುತ್ತದೆ, ಅದನ್ನು ನೇರ ಹಾಕಿದರೆ ಚೂರಿನ ಹೊರಭಾಗ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ. ಒಂದು ಲೀಟರ್ ಮಾಡಲು 100 ಮಿ.ಲೀ. ಫಾರ್ಮಲಿನ್, 900 ಮಿ.ಲೀ. ಬಟ್ಟಿ ಇಳಿಸಿದ ನೀರು, ಮೊನೊಬೇಸಿಕ್ ಸೋಡಿಯಂ ಫಾಸ್ಫೇಟ್ 4 ಗ್ರಾಂ, ನಿರ್ಜಲ ಡೈಬೇಸಿಕ್ ಸೋಡಿಯಂ ಫಾಸ್ಫೇಟ್ 6.5 ಗ್ರಾಂ. ಕಿಟಕಿ ತೆರೆದು, ಗ್ಲೌಸ್ ಹಾಕಿ ಬೆರೆಸಿ. ಚೂರಿನ ಹತ್ತುಪಟ್ಟು ದ್ರಾವಣ ಇರಬೇಕು. ಪಂಚ್ ಚೂರಿಗೆ 20 ಮಿ.ಲೀ. ಡಬ್ಬಿ ಧಾರಾಳ. ಬಾಯಿ ಅಗಲವಿರುವ ಡಬ್ಬಿ ತೆಗೆದುಕೊಳ್ಳಿ, ಇಂಜೆಕ್ಷನ್ ಬಾಟಲಿಯಲ್ಲಿ ತುರುಕಿದ ಚೂರು ಗಟ್ಟಿಯಾದ ಮೇಲೆ ಹೊರಬರುವುದಿಲ್ಲ. ಹೆಸರಿನ ಚೀಟಿಯನ್ನು ಡಬ್ಬಿಯ ಮೈಗೆ ಅಂಟಿಸಿ, ಮುಚ್ಚಳಕ್ಕೆ ಬೇಡ, ಲ್ಯಾಬಿನಲ್ಲಿ ಮುಚ್ಚಳಗಳು ಅದಲುಬದಲಾಗುತ್ತವೆ. ಸೀಸದಕಡ್ಡಿಯಲ್ಲಿ ಬರೆಯಿರಿ, ಪೆನ್ನಿನ ಇಂಕು ಫಾರ್ಮಲಿನ್ ತಾಗಿದರೆ ಅಳಿಸುತ್ತದೆ. ಸ್ಪಿರಿಟ್, ಸಲೈನ್ ಎರಡೂ ಬೇಡ. ಫ್ರಿಜ್ಜಿನಲ್ಲೂ ಇಡಬೇಡಿ, ಕೋಣೆಯ ಬಿಸಿಲು ಬೀಳದ ಮೂಲೆ ಸಾಕು.